ಸಿಯಾಟಲ್‌ನಲ್ಲಿ ಕಯಾಕಿಂಗ್ ಶುರು ಮಾಡ್ತಿದ್ದೇನೆ. ಬೇಸಿಗೆಯಲ್ಲೂ ಡ್ರೈಸೂಟ್ (ನೀರು ಒಳಬಿಡದ ಮೈತುಂಬ ಉಡುಪು) ಬೇಕಾ? ಯಾವುದು ಕೊಳ್ಳಲಿ?

ಬೇಸಿಗೆಯಲ್ಲೂ ಬೇಕು. ಜುಲೈ ಬಿಸಿಲಲ್ಲೂ ಸಿಯಾಟಲ್ ಪಕ್ಕದ ಕಡಲ ಒಳಚಾಚು ಪ್ಯೂಜೆಟ್ ಸೌಂಡ್‌ನ ನೀರು ಹೆಚ್ಚಿನ ಕಡೆ 13 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಬಿದ್ದ ಮೊದಲ ನಿಮಿಷ ಉಸಿರೇ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಹೊರಗಿನ ಬಿಸಿಲು ನೋಡಿ ಅಲ್ಲ, ನೀರಿನ ತಂಪು ನೋಡಿ ಬಟ್ಟೆ ಹಾಕಿ.

ಡ್ರೈಸೂಟ್ ನೀರು ತಡೆಯುತ್ತದೆ, ಅಷ್ಟೇ. ಬೆಚ್ಚಗಿಡುವುದು ಒಳಗಿನ ಫ್ಲೀಸ್ ಅಥವಾ ಉಣ್ಣೆ. ಹತ್ತಿ ಬೇಡ, ಬೆವರಿಗೇ ಒದ್ದೆಯಾಗಿ ಮೈ ಕೊರೆಯುತ್ತದೆ. ಅಂಗಡಿಗೆ ಆ ಫ್ಲೀಸ್ ಹಾಕಿಕೊಂಡೇ ಹೋಗಿ. ಸೂಟ್ ತೊಟ್ಟು ಕುಕ್ಕರಗಾಲಲ್ಲಿ ಕೂತು, ಹುಟ್ಟು ಹಾಕಿದ ಹಾಗೆ ಕೈ ಆಡಿಸಿ ನೋಡಿ. ಭುಜ, ಮಂಡಿ ಎಳೆಯಬಾರದು.

ಜಾಸ್ತಿ ಗಮನ ಕುತ್ತಿಗೆ ಪಟ್ಟಿಗೆ ಕೊಡಿ. ನಿಯೋಪ್ರೀನ್ (ಮೆತ್ತನೆ ದಪ್ಪ ರಬ್ಬರ್) ಪಟ್ಟಿ ಆರಾಮ, ಆದರೆ ಮುಳುಗಿದಾಗ ಸ್ವಲ್ಪ ನೀರು ಜಿನುಗುತ್ತದೆ. ಲೇಟೆಕ್ಸ್ (ತೆಳು ರಬ್ಬರ್) ಪಟ್ಟಿಯಲ್ಲಿ ಜಿನುಗುವುದು ತೀರಾ ಕಡಿಮೆ. ಹೊಸದರಲ್ಲಿ ಬಿಗಿ ಅನಿಸುತ್ತೆ, ಸನ್‌ಸ್ಕ್ರೀನ್ ತಾಗಿದರೆ ಬೇಗ ಹಾಳಾಗುತ್ತೆ. ಆದರೂ ಈ ನೀರಿಗೆ ನಾನು ಲೇಟೆಕ್ಸನ್ನೇ ಹೇಳುವುದು. ಬೆವರು ಹೊರಬಿಡುವ ಬಟ್ಟೆ, ಸೂಟಿಗೇ ಅಂಟಿದ ಕಾಲುಚೀಲ, ಮೂತ್ರಕ್ಕೆ ಜಿಪ್ ಇದ್ದರೆ ಕೊಟ್ಟ ದುಡ್ಡು ಸಾರ್ಥಕ.

ಮೊದಲ ಸಲ ಜೊತೆಗೊಬ್ಬರನ್ನು ಕರೆದುಕೊಂಡು, ಲೈಫ್ ಜಾಕೆಟ್ ಹಾಕಿ, ದಡದ ಹತ್ತಿರ ಸೊಂಟಮಟ್ಟ ನೀರಿಗೆ ಇಳಿಯಿರಿ. ಕುತ್ತಿಗೆ ಪಟ್ಟಿಯನ್ನು ಬೆರಳಲ್ಲಿ ಸ್ವಲ್ಪ ಎಳೆದರೆ ಒಳಗಿನ ಗಾಳಿ ಪುಸ್ ಅಂತ ಹೋಗುತ್ತೆ. ಆಮೇಲೆ ತೇಲಿ ನೋಡಿ.