ಕುಂಡದ ಬ್ಲೂಬೆರಿಗೆ ಕೊಳವೆಬಾವಿಯ ನೀರು ಒಗ್ಗುವುದೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಎರಡು ವರ್ಷಗಳಿಂದ ಕುಂಡದಲ್ಲಿ ಬ್ಲೂಬೆರಿ ಬೆಳೆಸುತ್ತಿದ್ದೇನೆ. ಎಳೆಯ ಎಲೆಗಳು ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿದಿವೆ. ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿದೆ. ಕೊಳವೆಬಾವಿಯ ನೀರನ್ನೇ ಹಾಕುತ್ತೇನೆ. ಗಂಧಕದ ಪುಡಿ, ಕಾಫಿ ಚರಟ, ಹುಳಿ ಮಜ್ಜಿಗೆ ಯಾವುದರಿಂದಲೂ ಫಲ ಕಾಣಲಿಲ್ಲ. ಮಣ್ಣು ಬದಲಿಸಬೇಕೇ?

ಉತ್ತರ: ಬದಲಿಸಬೇಕಾಗಬಹುದು, ಆದರೆ ಅದಕ್ಕೆ ಮೊದಲು ನೀರನ್ನು ಸರಿಪಡಿಸಿಕೊಳ್ಳಿ. ನೀವು ವಿವರಿಸಿದ್ದು ಕಬ್ಬಿಣದ ಕೊರತೆಯ ಲಕ್ಷಣ. ಕುಂಡದಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ. ರಸಸಾರ (ಹುಳಿ-ಕ್ಷಾರಗಳ ಅಳತೆಯಾದ ಪಿಎಚ್; ಕಡಿಮೆಯಾದಷ್ಟೂ ಹುಳಿ ಹೆಚ್ಚು) ಏರಿದ್ದರಿಂದ ಅದು ಬೇರಿಗೆ ದಕ್ಕದ ರೂಪಕ್ಕೆ ತಿರುಗಿರುತ್ತದೆ. ಬ್ಲೂಬೆರಿಗೆ 4.5ರಿಂದ 5.5ರ ರಸಸಾರ ಬೇಕು. ಗಡಸು ನೀರಿನ ಬೈಕಾರ್ಬೊನೇಟಾದರೋ ನೀವು ಎರೆಯುವ ಪ್ರತಿ ಚೊಂಬಿನೊಡನೆ ಚಿಟಿಕೆ ಸುಣ್ಣ ಬೆರೆಸಿದಂತೆ ವರ್ತಿಸುತ್ತದೆ. ಗಂಧಕವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಆಮ್ಲವಾಗಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುವುದರಿಂದ, ಅದು ಗಳಿಸಿಕೊಟ್ಟಿದ್ದನ್ನು ನೀರು ಕಳೆಯುತ್ತಲೇ ಹೋಗುತ್ತದೆ. ಕಾಫಿ ಚರಟದ ಹುಳಿಯ ಬಹುಪಾಲು ಡಿಕಾಕ್ಷನ್ನಿನ ಜೊತೆ ಆಗಲೇ ನಿಮ್ಮ ಲೋಟಕ್ಕೆ ಇಳಿದಿರುತ್ತದೆ. ಮಜ್ಜಿಗೆಯನ್ನಂತೂ ನಿಲ್ಲಿಸಿಬಿಡಿ.

ನೀರಿನ ರಸಸಾರವನ್ನಷ್ಟೇ ಅಳೆದರೆ ಸಾಲದು. ರಸಸಾರ 8 ಇರುವ ಎರಡು ನೀರುಗಳಲ್ಲಿ ಒಂದು ನಾಲ್ಕು ಹನಿ ಹುಳಿಗೇ ಇಳಿದರೆ, ಬೈಕಾರ್ಬೊನೇಟ್ ಹೆಚ್ಚಿರುವ ಇನ್ನೊಂದು ಜಗ್ಗುವುದೇ ಇಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಕೆಎಚ್ ಕಿಟ್ ಇದನ್ನು ಅಳೆಯುತ್ತದೆ. ಅದರ ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ನಿಮ್ಮ ನೀರು 11 ಡಿಗ್ರಿ ತೋರಿಸಿದರೆ, 10 ಲೀಟರಿಗೆ 2 ಗ್ರಾಂ ನಿಂಬೆಉಪ್ಪಿನಿಂದ (ಸಿಟ್ರಿಕ್ ಆಮ್ಲ) ಆರಂಭಿಸಿ, ಕಲಕಿ, ರಸಸಾರದ ಪರೀಕ್ಷಾ ಪಟ್ಟಿಯಲ್ಲಿ 5.5ರಿಂದ 6 ಕಾಣುವವರೆಗೆ ಸ್ವಲ್ಪ ಸ್ವಲ್ಪವೇ ಸೇರಿಸಿ. 3 ಗ್ರಾಂ ಆಸುಪಾಸಿನಲ್ಲಿ ಅದು ಸಿಗುತ್ತದೆ. ಆದರೆ ನಿಂಬೆಉಪ್ಪನ್ನು ಸೂಕ್ಷ್ಮಜೀವಿಗಳು ತಿಂದುಹಾಕುವುದರಿಂದ ಅದರ ಪರಿಣಾಮ ಪೂರ್ತಿ ಉಳಿಯುವುದಿಲ್ಲ. ಆದ್ದರಿಂದ ಮಳೆನೀರಿಗೆ ನನ್ನ ಮೊದಲ ಮತ. 100 ಚದರ ಅಡಿಯ ತಾರಸಿಗೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 90 ಲೀಟರ್ ನೀರಾಗುತ್ತದೆ. ತಾರಸಿಗೆ ತಂಪಿಗೆಂದು ಸುಣ್ಣ ಬಳಿಸಿದ್ದರೆ ಮಾತ್ರ ಆ ನೀರು ಹಿಡಿಯಬೇಡಿ. ಮನೆಯ ವಾಟರ್ ಸಾಫ್ಟನರ್ ನೀರೂ ಬೇಡ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆಯೇ ಹೊರತು ಬೈಕಾರ್ಬೊನೇಟನ್ನು ಮುಟ್ಟುವುದಿಲ್ಲ.

ಇನ್ನು ಮಣ್ಣು. ಮಲೆನಾಡಿನ ಕಾಫಿ ಬೆಳೆಗಾರರು ಹುಳಿ ಮಣ್ಣನ್ನು ಸರಿಪಡಿಸಲು ಸುಣ್ಣ ಹಾಕುತ್ತಾರೆ. ನಿಮ್ಮದು ಅದಕ್ಕೆ ತದ್ವಿರುದ್ಧವಾದ ಕೆಲಸವಾದ್ದರಿಂದ ಬೂದಿ, ಮೊಟ್ಟೆಯ ಚಿಪ್ಪು, ಮೂಳೆಪುಡಿ ಯಾವುದೂ ಕುಂಡದ ಹತ್ತಿರ ಸುಳಿಯಬಾರದು. ಚೆನ್ನಾಗಿ ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿ, ಪೀಟ್ ಮಾಸ್ (ಜೌಗಿನ ಪಾಚಿ ಕೊಳೆತು ಆದ ಹುಳಿ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಬೆರೆಸಿ ಗಿಡವನ್ನು ಹೊಸದಾಗಿ ಕೂರಿಸಿ. ಸಿಮೆಂಟಿನ ಕುಂಡವಿದ್ದರೆ ಅದನ್ನೂ ಬದಲಿಸಿ, ಅದರಿಂದಲೂ ಸುಣ್ಣ ಒಸರುತ್ತದೆ. ಗೊಬ್ಬರವಾಗಿ ಅಮೋನಿಯಂ ಸಲ್ಫೇಟ್ ಕೊಟ್ಟರೆ ಸಾರಜನಕದ ಜೊತೆಗೆ ಹುಳಿಯೂ ಸಿಗುತ್ತದೆ, ಆದರೆ ಬ್ಲೂಬೆರಿಯ ಬೇರು ಉಪ್ಪು ತಾಳದು. ತಿಂಗಳಿಗೊಮ್ಮೆ ಅರ್ಧ ಚಮಚವನ್ನು 5 ಲೀಟರ್ ನೀರಿನಲ್ಲಿ ಕರಗಿಸಿ ಕೊಟ್ಟರೆ ಸಾಕು.

ಈಗಿರುವ ಹಳದಿಗೆ ಇಡಿಡಿಎಚ್‌ಎ ರೂಪದ ಕಬ್ಬಿಣ (ಕಬ್ಬಿಣವನ್ನು ಬೇರಿಗೆ ದಕ್ಕುವಂತೆ ಹಿಡಿದಿಡುವ ಚೀಲೇಟ್) ಕೊಳ್ಳಿ. ಅಗ್ಗದ ಇಡಿಟಿಎ ರೂಪದ್ದು ರಸಸಾರ 6.5 ದಾಟಿದರೆ ಕೆಲಸಕ್ಕೆ ಬಾರದು. ಹಳೆಯ ಎಲೆಗಳು ಮತ್ತೆ ಪೂರ್ತಿ ಹಸಿರಾಗದಿದ್ದರೆ ಗಾಬರಿ ಬೇಡ, ಮುಂದೆ ಚಿಗುರುವ ಎಲೆಗಳ ಬಣ್ಣವನ್ನು ನೋಡಿ.