ಕುದುರೆಮುಖಕ್ಕೆ ಛತ್ರಿ ಸಾಕಾ?

ಅಕ್ಟೋಬರ್‌ನಲ್ಲಿ ಕುದುರೆಮುಖ ಹತ್ತಲು ಛತ್ರಿ, ಜೀನ್ಸ್ ಸಾಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಚಾರಣ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ಹೊರಟು ಕಾಡಿನೊಳಗೆ ಇರುವಷ್ಟು ಹೊತ್ತು ಬೆವರು ಸುರಿಯುತ್ತದೆ, ಆಮೇಲೆ ಬಯಲು ಹುಲ್ಲುಗಾವಲಿಗೆ ಬಂದ ಕೂಡಲೇ ಗಾಳಿ ಎಷ್ಟು ಜೋರಾಗಿ ಹೊಡೆಯುತ್ತದೆ ಅಂದ್ರೆ ಛತ್ರಿ ಮಗುಚಿಕೊಳ್ಳುತ್ತದೆ, ಒದ್ದೆ ಜೀನ್ಸ್ ಕಾಲಿಗೆ ಅಂಟಿಕೊಂಡು ಮಂಡಿ ಎತ್ತಲೂ ಬಿಡುವುದಿಲ್ಲ. ಟೋಪಿ ಇರುವ ರೇನ್‌ಕೋಟ್, ಬೇಗ ಒಣಗುವ ಪ್ಯಾಂಟ್ ಸಾಕು. ಉಂಬಳಕ್ಕೆ (ರಕ್ತ ಹೀರುವ ಜಿಗಣೆಗೆ) ಉಪ್ಪು ಇಟ್ಟುಕೊಳ್ಳಿ.

ಜಾಸ್ತಿ ಎಚ್ಚರ ಬೇಕಾಗಿರುವುದು ಹಳ್ಳ ದಾಟುವಾಗ. ಬೆಳಿಗ್ಗೆ ಪಾದ ಮುಳುಗುವಷ್ಟೇ ಇದ್ದ ನೀರು, ಮೇಲೆ ಜೋರು ಮಳೆಯಾದರೆ ವಾಪಸ್ ಬರುವಾಗ ಮಂಡಿ ದಾಟಿರಬಹುದು. ನೀರು ಕೆಂಪಾಗಿ, ಕಸಕಡ್ಡಿ ತೇಲಿ ಬರುತ್ತಿದ್ದರೆ ದಯವಿಟ್ಟು ಇಳಿಯಬೇಡಿ, ಮಳೆ ನಿಂತು ಹರಿವು ತಗ್ಗುವವರೆಗೆ ಕಾಯಿರಿ. ಹೋಗಿ ಬರಲು ಸುಮಾರು 20 ಕಿ.ಮೀ. ಇದೆ ಅಲ್ವಾ, ಅದಕ್ಕೇ ಬೆಳಿಗ್ಗೆ ಬೇಗ ಹೊರಡಿ. ತುದಿಯ ಹತ್ತಿರ ಮಂಜು ಕವಿದರೆ ಗೈಡ್ ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗಬೇಡಿ.