ರೋಲ್‌ಪ್ಲೇಗೆಂದೇ ಮೊದಲ ಕ್ಯಾರೆಕ್ಟರ್: ಗುಟ್ಟು ಕಡಿಮೆ ಇರಲಿ, ಆಸೆ ಎದ್ದು ಕಾಣಲಿ

ಇಷ್ಟು ದಿನ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ (ಟೇಬಲ್ ಸುತ್ತ ಕೂತು, ದಾಳ ಉರುಳಿಸಿ, ಪಾತ್ರವಾಗಿ ಕಥೆ ಆಡುವ ಆಟ; ಚಿಕ್ಕದಾಗಿ ಡಿ ಅಂಡ್ ಡಿ) ಫೈಟರ್, ಅಂದರೆ ಕತ್ತಿಯಾಳಿನ ಪಾತ್ರ, ಹಿಡಿದು ಬರೀ ಹೊಡೆದಾಟ ಆಡಿದ್ದೀರಿ. ಈಗ ರೋಲ್‌ಪ್ಲೇಗೆ (ಪಾತ್ರವಾಗಿ ಮಾತಾಡಿ ನಡೆದುಕೊಳ್ಳುವುದಕ್ಕೆ) ಒತ್ತು ಕೊಡುವ ಕ್ಯಾರೆಕ್ಟರ್ ಕಟ್ಟಬೇಕು, ಬಾರ್ಡ್ (ಮಂತ್ರ ಬಲ್ಲ ಹಾಡುಗಾರ) ಒಳ್ಳೆಯದಾ ವಾರ್ಲಾಕ್ (ಅಲೌಕಿಕ ಶಕ್ತಿಯೊಂದರ ಜೊತೆ ಒಪ್ಪಂದ ಮಾಡಿಕೊಂಡ ಮಾಂತ್ರಿಕ) ಒಳ್ಳೆಯದಾ, ನಾಲ್ಕು ಪುಟ ಬ್ಯಾಕ್‌ಸ್ಟೋರಿ (ಪಾತ್ರದ ಹಿಂದಿನ ಕಥೆ) ಸಾಕಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೀರಿ: ‘ಇವನ ನಿಜವಾದ ಗುರುತು ಪಾರ್ಟಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.’ (ಪಾರ್ಟಿ ಅಂದರೆ ಜೊತೆಯಾಗಿ ಹೊರಟ ಪಾತ್ರಗಳ ತಂಡ.) ನಾನು ಉತ್ತರ ಬರೆಯಲು ಕೂತದ್ದು ಆ ಸಾಲು ನೋಡಿ. ಆ ಕ್ಯಾರೆಕ್ಟರನ್ನು ನಾನೂ ಆಡಿದ್ದೇನೆ.

ನನ್ನವನು ಅರ್ಧ ಎಲ್ಫ್, ರೋಗ್ (ಕದ್ದುಮುಚ್ಚಿ ಕೆಲಸ ಮಾಡುವ ಕಳ್ಳನಂಥ ಪಾತ್ರ). ಮುಖ ಮರೆಸುವ ಮುಸುಕು, ಸುಳ್ಳು ಹೆಸರು, ಮನೆಯವರನ್ನೆಲ್ಲ ಕೊಲ್ಲಿಸಿದ ಒಬ್ಬ ಡ್ಯೂಕ್, ಆ ಡ್ಯೂಕನ ಮುದ್ರೆಯಿರುವ ಉಂಗುರ ಒಳಜೇಬಿನಲ್ಲಿ. ಯಾರನ್ನೂ ನಂಬುವವನಲ್ಲ. ಕಾಗದದ ಮೇಲೆ ಭರ್ಜರಿಯಾಗಿಯೇ ಇದ್ದ. ಟೇಬಲ್‌ನಲ್ಲಿ ಆದದ್ದು ಇಷ್ಟು: ಪಾರ್ಟಿ ಕಾಡಿನಲ್ಲಿ ಬೆಂಕಿ ಹಾಕಿಕೊಂಡು ಕೂತಿದೆ. ಕ್ಲೆರಿಕ್ (ಪೂಜಾರಿಯ ಪಾತ್ರ) ಆಡುವವಳು ‘ನಿನ್ನ ಊರು ಯಾವುದು?’ ಅಂತ ಕೇಳುತ್ತಾಳೆ. ರೋಗ್ ‘ಅದು ನಿನಗೆ ಬೇಡದ ವಿಷಯ’ ಅನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯಿತು. ಅವಳು ಇನ್ನೇನು ಮಾಡಬೇಕು? ಮತ್ತೆ ಕೇಳಿದರೆ ಪೀಡಿಸಿದ ಹಾಗೆ, ಬಿಟ್ಟರೆ ದೃಶ್ಯ ಅಲ್ಲೇ ಬಿದ್ದುಹೋದ ಹಾಗೆ. ಮುಂದಿನ ಸಲ ಅವಳು ಪಲಾಡಿನ್ (ವ್ರತ ತೊಟ್ಟ ಯೋಧ) ಜೊತೆ ಮಾತಿಗೆ ಕೂರುತ್ತಾಳೆ, ಯಾಕೆಂದರೆ ಪಲಾಡಿನ್ ಉತ್ತರ ಕೊಡುತ್ತಾನೆ.

ಇದು ಎಷ್ಟು ದುಬಾರಿ ಅಂತ ಲೆಕ್ಕ ಹಾಕಿ. ಮೂರು ಗಂಟೆಯ ಸೆಷನ್ (ಒಂದು ಸಲದ ಆಟ), ನಾಲ್ವರು ಆಟಗಾರರು, ಕಥೆ ನಡೆಸುವ ಒಬ್ಬ ಡಿಎಂ (ಡಂಜನ್ ಮಾಸ್ಟರ್) ಅಂತಿಟ್ಟುಕೊಳ್ಳೋಣ. ಅರ್ಧ ಹೊತ್ತು ಕಾಳಗಕ್ಕೆ ಹೋದರೆ ಮಾತಿಗೆ ಉಳಿಯುವುದು 90 ನಿಮಿಷ. ಐವರಿಗೆ ಹಂಚಿದರೆ ತಲಾ 18 ನಿಮಿಷ. ಆ 18 ನಿಮಿಷವನ್ನು ‘ಹೇಳಲ್ಲ’, ‘ಬರಲ್ಲ’, ‘ಮೂಲೆಯಲ್ಲಿ ಸುಮ್ಮನೆ ಕೂತಿರುತ್ತೇನೆ’ ಅನ್ನುವುದಕ್ಕೇ ಖರ್ಚು ಮಾಡುವ ಕ್ಯಾರೆಕ್ಟರ್ ಅದು. ಸಾಲದ್ದಕ್ಕೆ ಡಿಎಂಗೆ ಹೆಚ್ಚುವರಿ ಕೆಲಸ. ವ್ಯಾಪಾರಿಯೊಬ್ಬ ಗಾಡಿ ಕಾಯುವ ಕೆಲಸ ಕೊಟ್ಟರೆ ಉಳಿದ ಮೂವರು ಒಪ್ಪಿಯಾಗಿರುತ್ತದೆ. ನಿಮ್ಮವನನ್ನು ಮಾತ್ರ ಕಾಡಿ ಬೇಡಿ ಹೊರಡಿಸಬೇಕು.

‘ಆಮೇಲೆ ಒಂದು ದಿನ ಗುಟ್ಟು ಬಯಲಾಗುತ್ತಲ್ಲ, ಆಗ ಎಲ್ಲರೂ ಬೆಚ್ಚಿಬೀಳುತ್ತಾರೆ’ ಅಂತ ನಿಮಗೆ ಅನಿಸುತ್ತಿರಬಹುದು. ಬೀಳುವುದಿಲ್ಲ. ಗುಟ್ಟು ಬಯಲಾದಾಗ ನಾಟುವುದು ಕೇಳುವವರಿಗೆ ಆ ಪಾತ್ರದ ಬಗ್ಗೆ ಮೊದಲೇ ಅಕ್ಕರೆ ಇದ್ದರೆ ಮಾತ್ರ. ಹತ್ತು ಸೆಷನ್ ಮುಖ ತಿರುಗಿಸಿಕೊಂಡು ಕೂತವನು ಹನ್ನೊಂದನೆಯದರಲ್ಲಿ ‘ನಾನು ನಿಜಕ್ಕೂ ರಾಜಕುಮಾರ’ ಅಂದರೆ ಪಕ್ಕದವರು ‘ಓಹ್, ಸರಿ’ ಅಂದು ತಮ್ಮ ಸ್ಪೆಲ್ ಸ್ಲಾಟ್ (ಇನ್ನೆಷ್ಟು ಸಲ ಮಂತ್ರ ಹಾಕಬಹುದು ಅನ್ನುವ ಲೆಕ್ಕ) ಎಣಿಸುತ್ತಾರೆ. ಇನ್ನೊಂದು ತೊಡಕೂ ಇದೆ. ಆ ಕ್ಷಣ ಬರಬೇಕಾದರೆ ಡಿಎಂ ಡ್ಯೂಕನನ್ನು ಕಥೆಯೊಳಗೆ ತರಬೇಕು. ಅವರ ಕೈಯಲ್ಲಿ ಉಳಿದ ಮೂವರ ಕಥೆಯೂ ಇರುತ್ತದೆ, ಜೊತೆಗೆ ಕ್ಯಾಂಪೇನ್‌ನ, ಅಂದರೆ ಹಲವು ಸೆಷನ್ ಸಾಗುವ ಇಡೀ ಆಟದ, ಮುಖ್ಯ ಕಥೆ. ಆಟದಲ್ಲಿ ಒಮ್ಮೆಯೂ ಬಾಯಿಗೆ ಬರದ ವಿಷಯ ಅವರಿಗೆ ಮೊದಲು ಮರೆಯುತ್ತದೆ. ಎಷ್ಟೋ ಕ್ಯಾಂಪೇನ್‌ಗಳು ಕೊನೆಯವರೆಗೆ ನಡೆಯುವುದೇ ಇಲ್ಲ. ಯಾರದೋ ಕೆಲಸ, ಯಾರದೋ ಪರೀಕ್ಷೆ ಅಂತ ನಡುವೆಯೇ ನಿಲ್ಲುತ್ತವೆ. ಕೊನೆಗೆಂದು ಕೂಡಿಟ್ಟದ್ದೆಲ್ಲ ಹಾಗೇ ಉಳಿಯುತ್ತದೆ.

ಹಾಗಂತ ಡ್ಯೂಕನನ್ನು ಬಿಸಾಡಬೇಕಿಲ್ಲ. ಅದೇ ರೋಗ್‌ನನ್ನು ಹೀಗೆ ತಿದ್ದಬಹುದು. ಮೊದಲ ಸೆಷನ್‌ಗೆ ಮುಂಚೆ ಕ್ಲೆರಿಕ್ ಆಡುವವರನ್ನು ಕೇಳಿ: ‘ನನ್ನ ತಂಗಿಯ ಅಂತ್ಯಕ್ರಿಯೆ ಮಾಡಿಸಿದ್ದು ನಿನ್ನ ಪಾತ್ರ, ಹಾಗಾಗಿ ನನ್ನ ನಿಜವಾದ ಹೆಸರು ಅವಳೊಬ್ಬಳಿಗೆ ಗೊತ್ತು ಅಂತ ಇಟ್ಟುಕೊಳ್ಳಬಹುದಾ?’ ಅವರು ಒಪ್ಪಿದರೆ ಗುಟ್ಟು ಇಬ್ಬರದಾಯಿತು. ಇನ್ನು ಯಾರಾದರೂ ಹೆಸರು ಕೇಳಿದಾಗಲೆಲ್ಲ ಕ್ಲೆರಿಕ್ ಸುಳ್ಳು ಹೇಳಬೇಕೋ ಬೇಡವೋ ಅನ್ನುವ ಪೇಚಿಗೆ ಬೀಳುತ್ತಾಳೆ, ಅವಳಿಗೂ ಆಡಲು ಏನೋ ಸಿಕ್ಕಿತು. ಎರಡನೆಯದು, ಉಂಗುರವನ್ನು ಜೇಬಿನಿಂದ ಹೊರಗೆ ತೆಗೆಯಿರಿ. ಹೊಸ ಊರು ಸಿಕ್ಕಾಗಲೆಲ್ಲ ಅಲ್ಲಿನ ಅಕ್ಕಸಾಲಿಗನಿಗೆ ಅದನ್ನು ತೋರಿಸಿ ‘ಇದನ್ನು ಮಾಡಿದವರು ಯಾರು ಗೊತ್ತಾ?’ ಅಂತ ಕೇಳಲಿ. ಎರಡು ನಿಮಿಷದ ದೃಶ್ಯ. ಆದರೆ ಅವನಿಗೇನು ಬೇಕು ಅಂತ ಇಡೀ ಟೇಬಲ್‌ಗೆ ಗೊತ್ತಾಯಿತು, ಡಿಎಂಗೂ ನೆನಪಾಯಿತು. ಯಾವುದೋ ಊರಿನಲ್ಲಿ ಒಬ್ಬ ಅಕ್ಕಸಾಲಿಗ ಬೆವರತೊಡಗುತ್ತಾನೆ, ಅಲ್ಲಿಂದ ಮುಂದಿನದು ನೀವು ಬರೆಯಬೇಕಾದ್ದಲ್ಲ.

ಈಗ ನಾಲ್ಕು ಪುಟದ ವಿಷಯ. ಬೇಡ. ಅರ್ಧ ಪುಟ ಸಾಕು, ಅದರಲ್ಲಿ ಬದುಕಿರುವ ಮೂವರ ಹೆಸರಿರಲಿ: ಕಷ್ಟಕ್ಕೆ ಬಾಗಿಲು ತೆರೆಯುವವರು ಒಬ್ಬರು, ನೀವು ಸಾಲವನ್ನೋ ಋಣವನ್ನೋ ತೀರಿಸಬೇಕಾದವರು ಒಬ್ಬರು, ನಿಮ್ಮ ಮುಖ ಕಂಡರಾಗದವರು ಒಬ್ಬರು. ‘ಬದುಕಿರುವ’ ಅಂತ ಯಾಕೆ ಹೇಳಿದೆ ಅಂದರೆ ಮೊದಲ ಕ್ಯಾರೆಕ್ಟರ್‌ಗಳೆಲ್ಲ ಅನಾಥರೇ ಆಗಿರುತ್ತವೆ, ಸತ್ತ ಅಪ್ಪ ಅಮ್ಮನನ್ನು ಡಿಎಂ ಎನ್‌ಪಿಸಿ (ಡಿಎಂ ತಾನೇ ಆಡಿಸುವ ಪಾತ್ರ) ಮಾಡಿ ಆಡಿಸಲಾಗುವುದಿಲ್ಲ. ಕಥೆಯ ಅಳತೆಯೂ ಲೆವೆಲ್‌ಗೆ ತಕ್ಕಂತಿರಲಿ. ಕಾನ್‌ಸ್ಟಿಟ್ಯೂಷನ್ (ಮೈಗಟ್ಟು) 14 ಇರುವ ಮೊದಲ ಲೆವೆಲ್‌ನ ವಿಝರ್ಡ್‌ಗೆ (ಮಂತ್ರವಾದಿಗೆ) ಇರುವುದು 8 ಹಿಟ್ ಪಾಯಿಂಟ್, ಅಂದರೆ ಅಷ್ಟು ಏಟು ತಿಂದರೆ ಬೀಳುತ್ತಾನೆ. 2014ರ ನಿಯಮ ಪುಸ್ತಕದ ಗಾಬ್ಲಿನ್ (ಪುಟ್ಟ ರಾಕ್ಷಸ) ಬಾಣ ನಾಟಿದರೆ ಡಿ6ಕ್ಕೆ (ಆರು ಮುಖದ ದಾಳಕ್ಕೆ) 2 ಕೂಡಿಸಿದಷ್ಟು ಏಟು. ಸಾಮಾನ್ಯವಾಗಿ ಎರಡು ಬಾಣಕ್ಕೆ ನೆಲಕ್ಕೆ ಬಿದ್ದ. ಅಂಥವನು ಹಿಂದೆ ಡ್ರಾಗನ್ ಕೊಂದಿದ್ದ ಅಂತ ಬರೆದರೆ ಮೊದಲ ಕಾಳಗದಲ್ಲೇ ನಗೆಪಾಟಲು. ಅವನ ಬದುಕಿನ ದೊಡ್ಡ ಘಟನೆ ಇನ್ನೂ ಆಗಿಲ್ಲ, ಅದು ಟೇಬಲ್‌ನಲ್ಲೇ ಆಗಲಿ.

ಷೀಟ್‌ನಲ್ಲಿ (ಪಾತ್ರದ ವಿವರ ಬರೆಯುವ ಹಾಳೆಯಲ್ಲಿ) ನಾನು ಹೆಚ್ಚು ಹೊತ್ತು ಕೂರುವುದು ದೌರ್ಬಲ್ಯದ ಸಾಲಿನ ಮೇಲೆ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಪ್ರತಿ ಬ್ಯಾಕ್‌ಗ್ರೌಂಡ್‌ಗೂ (ಪಾತ್ರದ ಹಿನ್ನೆಲೆಗೂ) ಎರಡು ಸ್ವಭಾವದ ಸಾಲು, ಒಂದು ಆದರ್ಶ, ಒಂದು ಬಾಂಡ್ (ನಂಟು), ಒಂದು ಫ್ಲಾ (ದೌರ್ಬಲ್ಯ) ಆರಿಸಿಕೊಳ್ಳಲು ಪಟ್ಟಿಗಳಿದ್ದವು. 2024ರ ಪುಸ್ತಕ ಆ ಪಟ್ಟಿಗಳನ್ನು ಕೈಬಿಟ್ಟಿತು, ಅಲ್ಲಿ ಬ್ಯಾಕ್‌ಗ್ರೌಂಡ್ ಅಂದರೆ ಮುಖ್ಯವಾಗಿ ಎಬಿಲಿಟಿ ಸ್ಕೋರ್ (ಸಾಮರ್ಥ್ಯದ ಅಂಕಿ) ಏರಿಕೆ, ಕೌಶಲಗಳು ಮತ್ತು ಆರಿಜಿನ್ ಫೀಟ್ ಅನ್ನುವ ಒಂದು ವಿಶೇಷ ಗುಣ. ನಿಮ್ಮ ಟೇಬಲ್ ಹೊಸ ಪುಸ್ತಕದ್ದಾದರೂ ಆ ಹಳೆಯ ಸಾಲುಗಳನ್ನು ಬರೆದುಕೊಳ್ಳಿ, ಅದರಲ್ಲೂ ಬಾಂಡ್ ಮತ್ತು ಫ್ಲಾ. ಬರೆದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಡಿಎಂ ಇದನ್ನು ಇವತ್ತಿನ ಸೆಷನ್‌ನಲ್ಲೇ ಬಳಸಬಹುದಾ? ‘ಕತ್ತಲ ಗತಕಾಲ ಕಾಡುತ್ತದೆ’ ಅನ್ನುವುದನ್ನು ಯಾರೂ ಬಳಸಲಾರರು. ‘ಪಣ ಕಟ್ಟು ಅಂದರೆ ಇಲ್ಲ ಅನ್ನಲು ಬಾರದು’ ಅನ್ನುವುದನ್ನು ಯಾವ ಹೋಟೆಲಿನ ಜಗಲಿಯಲ್ಲಾದರೂ ಬಳಸಬಹುದು, ಜೊತೆಯ ಆಟಗಾರರೂ ‘ಪಣ ಕಟ್ತೀಯಾ?’ ಅಂತ ಕೆಣಕಬಹುದು. ದೌರ್ಬಲ್ಯದ ಬೆಲೆ ತೆರಬೇಕಾದವರು ನೀವು. ಜೊತೆಗಾರರ ಚೀಲಕ್ಕೆ ಕೈಹಾಕುವ ಕಳ್ಳನನ್ನು ಕಟ್ಟಿ ‘ನನ್ನ ಪಾತ್ರ ಇರುವುದೇ ಹಾಗೆ’ ಅನ್ನುವವರ ಜೊತೆ ಯಾರಿಗೂ ಆಡಲು ಮನಸ್ಸಾಗುವುದಿಲ್ಲ.

ಈ ವಿಷಯದಲ್ಲಿ ಫೇಟ್ ಅನ್ನುವ ಇನ್ನೊಂದು ಆಟ ನೇರವಾಗಿದೆ. ಅಲ್ಲಿ ‘ಟ್ರಬಲ್’ ಅಂತ ಒಂದು ಸಾಲು ಬರೆಯಲೇಬೇಕು, ಅದರಿಂದ ನೀವು ತೊಂದರೆಗೆ ಸಿಕ್ಕಲು ಒಪ್ಪಿದರೆ ಒಂದು ಫೇಟ್ ಪಾಯಿಂಟ್ ಕೈಗೆ ಬರುತ್ತದೆ. ಡಿ ಅಂಡ್ ಡಿಯಲ್ಲಿ ಆ ಜಾಗದಲ್ಲಿರುವುದು ಇನ್‌ಸ್ಪಿರೇಷನ್: 2014ರ ನಿಯಮದಲ್ಲಿ ಅದನ್ನು ಕೊಟ್ಟು ಒಂದು ರೋಲ್‌ಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು) ಪಡೆಯಬಹುದು, 2024ರಲ್ಲಿ ಉರುಳಿಸಿದ ದಾಳವನ್ನು ಮತ್ತೆ ಉರುಳಿಸಬಹುದು. ಡಿಎಂಗಳು ಇದನ್ನು ಕೊಡಲು ಮರೆಯುತ್ತಾರೆ. ಫ್ಲಾ ಕೇಳಿ ಕಷ್ಟಕ್ಕೆ ಸಿಕ್ಕಾಗ ನೆನಪಿಸಿ, ನಾಚಿಕೆ ಬೇಡ.

ಅಂಕಿಗಳ ಬಗ್ಗೆ: ರೋಲ್‌ಪ್ಲೇ ಅಂತ ಬೇಕೆಂದೇ ಕೈಲಾಗದವನನ್ನು ಕಟ್ಟಬೇಡಿ. ಸ್ಟ್ಯಾಂಡರ್ಡ್ ಅರೇಯ (ಆರು ಸಾಮರ್ಥ್ಯಗಳಿಗೆ ಹಂಚಲು ಪುಸ್ತಕ ಕೊಡುವ ಅಂಕಿಗಳು) 15, 14, 13, 12, 10, 8ರಲ್ಲಿ ಆ 8ನ್ನು ಸ್ಟ್ರೆಂತ್‌ಗೆ ಹಾಕಿದ ಕತ್ತಿಯಾಳು ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಅಂಕಿ) 15ರ ಗಾಬ್ಲಿನ್‌ಗೆ ಏಟು ತಾಗಿಸಲು ಡಿ20ರಲ್ಲಿ (ಇಪ್ಪತ್ತು ಮುಖದ ದಾಳದಲ್ಲಿ) 14 ಬೀಳಬೇಕು, ಅಂದರೆ ನೂರಕ್ಕೆ 35. ಸ್ಟ್ರೆಂತ್ 16 ಇದ್ದರೆ 10 ಸಾಕು, ನೂರಕ್ಕೆ 55. ನಿಮ್ಮ ತಮಾಷೆಯ ಭಾರ ಉಳಿದವರ ಹೆಗಲಿಗೆ. ತಿರುಗಿಸಿಯೂ ನೋಡಿ. ನಯಗಾರನಾಗಬೇಕು ಅಂತ ಬರೆದು ಕರಿಸ್ಮಾಗೆ (ವ್ಯಕ್ತಿತ್ವದ ಸೆಳೆತಕ್ಕೆ) 8 ಕೊಟ್ಟರೆ, ಮಧ್ಯಮ ಕಷ್ಟದ, ಅಂದರೆ ಡಿಸಿ (ಗೆಲ್ಲಲು ಮುಟ್ಟಬೇಕಾದ ಅಂಕಿ) 15ರ ಪರ್ಸುಯೇಷನ್‌ಗೆ (ಮಾತಿನಿಂದ ಒಪ್ಪಿಸುವುದಕ್ಕೆ) 16 ಬೀಳಬೇಕು. ಎಷ್ಟು ಚೆನ್ನಾಗಿ ಮಾತಾಡಿದರೂ ನಾಲ್ಕರಲ್ಲಿ ಮೂರು ಸಲ ದಾಳ ನಿಮ್ಮ ಮಾನ ಕಳೆಯುತ್ತದೆ. ಇನ್ನೊಂದು ಮಾತು, ಇಂಟೆಲಿಜೆನ್ಸ್ 8 ಅಂದರೆ ಪೆದ್ದ ಅಲ್ಲ. ಸಾಮಾನ್ಯರದು 10. ಅದು ದಾಳದ ಅಂಕಿಯಿಂದ ಒಂದೇ ಒಂದು ಮೈನಸ್.

ಹಾಗಾಗಿ ಬಾರ್ಡಾ ವಾರ್ಲಾಕಾ ಅನ್ನುವುದಕ್ಕೆ ನನ್ನ ಉತ್ತರ: ಫೈಟರ್. ನಿಜವಾಗಿಯೂ. ಅದರ ನಿಯಮ ನಿಮಗೆ ಬಾಯಿಪಾಠವಾಗಿದೆ. ಹೊಸದಾಗಿ ಸ್ಪೆಲ್ ಪಟ್ಟಿ ಹಿಡಿದವರು ಅರ್ಧ ಸೆಷನ್ ತಲೆ ತಗ್ಗಿಸಿ ಪುಸ್ತಕ ತಿರುವುತ್ತಿರುತ್ತಾರೆ, ಆ ಹೊತ್ತಿನಲ್ಲಿ ಎದುರಿನವರು ಏನಂದರು ಅನ್ನುವುದು ಕಿವಿಗೆ ಬೀಳುವುದಿಲ್ಲ. ಫೈಟರ್‌ಗೆ ನೋಬಲ್ (ದೊಡ್ಡ ಮನೆತನದ) ಬ್ಯಾಕ್‌ಗ್ರೌಂಡ್ ಕೊಡಿ, ಹಿಸ್ಟರಿ ಮತ್ತು ಪರ್ಸುಯೇಷನ್ ಕೌಶಲಗಳು ಸಿಗುತ್ತವೆ. ಕ್ಲಾಸ್‌ನ, ಅಂದರೆ ಫೈಟರ್‌ನ, ಪಟ್ಟಿಯಿಂದ ಇನ್‌ಸೈಟ್ (ಎದುರಿನವರ ಮನಸ್ಸು ಅರಿಯುವುದು) ತೆಗೆದುಕೊಳ್ಳಿ. ಅರೇಯ 14ನ್ನು ಕರಿಸ್ಮಾಗೆ ಹಾಕಿದರೆ ಪರ್ಸುಯೇಷನ್ ಪ್ಲಸ್ 4, ಡಿಸಿ 15ಕ್ಕೆ ಸರಿಯಾಗಿ ಅರ್ಧಕ್ಕರ್ಧ. ಕರಿಸ್ಮಾ 16ರ ಬಾರ್ಡ್‌ಗೂ ಮೊದಲ ಲೆವೆಲ್‌ನಲ್ಲಿ ಸಿಗುವುದು ಪ್ಲಸ್ 5. ಮನೆತನ ಮುಳುಗಿ ಕೂಲಿಗೆ ಕತ್ತಿ ಹಿಡಿದವಳು, ಇನ್ನೂ ಹಳೆಯ ಗತ್ತಿನಲ್ಲೇ ಮಾತಾಡುವವಳು, ತಮ್ಮನ ಸಾಲಕ್ಕಾಗಿ ಯಾವ ಕೆಲಸಕ್ಕೂ ಹೂಂ ಅನ್ನುವವಳು. ನೋಡಿ, ಪಾರ್ಟಿ ಜೊತೆ ಹೊರಡಲು ಕಾರಣವೂ ಅಲ್ಲೇ ಬಂತು.

ದನಿ ಬದಲಿಸಿ ಮಾತಾಡಬೇಕಾ ಅಂತ ಹೊಸಬರು ಹೆದರುತ್ತಾರೆ. ಬೇಕಿಲ್ಲ. ‘ಅವಳು ಕಾವಲುಗಾರನನ್ನು ಆಳಿನಂತೆ ನಡೆಸಿಕೊಳ್ಳುತ್ತಾಳೆ, ಅವನಿಗೆ ಸಿಟ್ಟು ಬರಿಸಿ ಬಾಗಿಲು ಬಿಡಿಸಬೇಕು’ ಅಂತ ವಿವರಿಸಿದರೂ ಅದು ರೋಲ್‌ಪ್ಲೇಯೇ. ಏನು ಬೇಕು, ಹೇಗೆ ಪಡೆಯಲು ನೋಡುತ್ತಾಳೆ, ಇವೆರಡು ಗೊತ್ತಾದರೆ ಡಿಎಂಗೆ ಸಾಕು.

ಕಟ್ಟಲು ಕೂರುವ ಮುಂಚೆ ಸೆಷನ್ ಝೀರೋ (ಆಟ ಶುರುವಾಗುವ ಮುಂಚೆ ಎಲ್ಲರೂ ಕೂತು ಮಾತಾಡಿಕೊಳ್ಳುವುದು) ಇದೆಯಾ ಕೇಳಿ. ಇಲ್ಲದಿದ್ದರೆ ಡಿಎಂಗೆ ಒಂದು ಮೆಸೇಜ್ ಹಾಕಿ: ಕ್ಯಾಂಪೇನ್ ಹೆಚ್ಚಾಗಿ ಗುಹೆ ಸುತ್ತುವುದಾ, ದರ್ಬಾರಿನ ಒಳಸಂಚಾ? ಪಾತ್ರಗಳು ತಮ್ಮೊಳಗೆ ಜಗಳಾಡಬಹುದಾ? ಯಾವ ವಿಷಯ ಟೇಬಲ್‌ಗೆ ಬರಬಾರದು? ಗುಹೆ ಸುತ್ತುವ ಕ್ಯಾಂಪೇನ್‌ನಲ್ಲಿ ನೋಬಲ್‌ಳ ಮೂವರು ಪರಿಚಯಸ್ಥರು ಊರಲ್ಲೇ ಉಳಿದುಬಿಡುತ್ತಾರೆ, ಅಂಥಲ್ಲಿ ಅವರಲ್ಲೊಬ್ಬರನ್ನು ಗುಹೆಯೊಳಗೆ ಕಳೆದುಹೋದವರನ್ನಾಗಿ ಮಾಡಿ. ಮೊದಲ ಎರಡು ಮೂರು ಸೆಷನ್‌ಗಳಲ್ಲಿ ಯಾವುದೋ ಸಾಲು ಟೇಬಲ್‌ನಲ್ಲಿ ಒಮ್ಮೆಯೂ ಕೆಲಸಕ್ಕೆ ಬರಲಿಲ್ಲ ಅಂತಾದರೆ ಡಿಎಂಗೆ ಹೇಳಿ ಅಳಿಸಿ, ಬೇರೆ ಬರೆಯಿರಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಇಷ್ಟೆಲ್ಲ ಓದಿಯೂ ಬಾರ್ಡೇ ಬೇಕು ಅನಿಸಿದರೆ ತೆಗೆದುಕೊಳ್ಳಿ, ತಕರಾರಿಲ್ಲ. ಮೊದಲ ಲೆವೆಲ್‌ಗೆ ಎರಡು ಕ್ಯಾಂಟ್ರಿಪ್ (ಎಷ್ಟು ಸಲವಾದರೂ ಹಾಕಬಹುದಾದ ಚಿಕ್ಕ ಮಂತ್ರ), ನಾಲ್ಕು ಸ್ಪೆಲ್ ಬರುತ್ತವೆ. ಆರನ್ನೂ ಒಂದೊಂದು ಚೀಟಿಯಲ್ಲಿ ದೂರ, ಅವಧಿ, ಎದುರಾಳಿ ಮಾಡಬೇಕಾದ ಸೇವಿಂಗ್ ಥ್ರೋ (ಮಂತ್ರದಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಸಮೇತ ಬರೆದು ಷೀಟ್ ಪಕ್ಕದಲ್ಲಿಟ್ಟುಕೊಳ್ಳಿ, ಪುಸ್ತಕ ಚೀಲದಲ್ಲೇ ಇರಲಿ.